ಆರು ಡಬ್ಬಗಳೂ ಆರು ಟ್ಯಾಬುಗಳೂ

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮ ತರಗತಿಯಲ್ಲಿ ಮಂಜುನಾಥರು ನಾಲ್ವರಿದ್ದಾರೆ. ಮೊದಮೊದಲು ಹಾಜರಿ ಕರೆಯುವಾಗ ಗುರುಗಳು "ಮಂಜುನಾಥ" ಎಂದರೆ ನಾಲ್ಕು ಮೂಲೆಗಳಿಂದಲೂ "ಪ್ರೆಸೆಂಟ್ ಸಾರ್" ಎಂಬ ಘೋಷ ಏಳುತ್ತಿತ್ತು. ಮಂಜುನಾಥನೊಬ್ಬ ಸಿನಿಮಾಕ್ಕೆ ಹೋಗಿದ್ದ ದಿನವೂ ಆ ಘೋಷಕ್ಕೆ ಊನ ಬರುತ್ತಿರಲಿಲ್ಲ. ಗುರುಗಳು ಅವರಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಅಂಕೆ ಹಾಕಿ ನೋಡಿದರು. ಮೂರನೆಯವನು ಯಾರೆಂಬುದು ಗುರುಗಳಿಗೂ ನೆನಪಿರಲಿಲ್ಲ, ಮೂರನೆಯವನಿಗೂ ನೆನಪಿರಲಿಲ್ಲ. ಕೊನೆಗೆ "ಬೇಲೂರಿನ ಮಂಜುನಾಥ, ಜಾವಗಲ್ಲಿನ ಮಂಜುನಾಥ" ಎಂದು ಊರು ಹಿಡಿದು ಕರೆದ ಮೇಲೆ ತಂಟೆ ತೀರಿತು. ಹೆಸರು ತಿಳಿದ ಮಾತ್ರಕ್ಕೆ ಗುರುತು ಸಿಕ್ಕಿತೆಂದು ಭಾವಿಸಬಾರದು ಎಂಬ ಪಾಠವನ್ನು ನಾನು ಅಂದೇ ಕಲಿಯಬಹುದಾಗಿತ್ತು. ಕಲಿಯಲಿಲ್ಲ. ಅದಕ್ಕೆ ನಮ್ಮಜ್ಜಿಯ ಒಂದು ಹಾಡನ್ನು ಬೆಲೆಯಾಗಿ ತೆರಬೇಕಾಯಿತು.

ಸಂಗತಿ ಹೀಗೆ. ಕಳೆದ ವರ್ಷ ಕನ್ನಡ ವಿಭಾಗದ ನಾವು ಕೆಲವರು ಸೇರಿ, ನಮ್ಮ ನಮ್ಮ ಊರಿನ ಮುದುಕಿಯರು ಹೇಳುವ ಬೀಸುವ ಪದಗಳನ್ನು ಬರೆದುಕೊಂಡು, ಕಂಪ್ಯೂಟರಿನಲ್ಲಿ ಓದುವಂತೆ ಪುಟಗಳಾಗಿ ಮಾಡೋಣವೆಂದು ಹೊರಟೆವು. ಆರು ಊರು, ಆರು ಫೋಲ್ಡರು. ಜಾಲತಾಣಗಳಲ್ಲಿ ಒಂದು ಪದ್ಧತಿಯುಂಟು. ಬಂದವರು ಬರಿಯ ಫೋಲ್ಡರಿನ ಹೆಸರು ಹೇಳಿದರೆ, ಸರ್ವರು ಸಾಮಾನ್ಯವಾಗಿ ಅದರೊಳಗೆ 'ಇಂಡೆಕ್ಸ್' ಎಂಬ ಕಡತವನ್ನು ಹುಡುಕಿ ತಂದು ಮುಂದಿಡುತ್ತದೆ. ಆದ್ದರಿಂದ ಆರು ಊರಿನ ಮೊದಲ ಪುಟಗಳಿಗೂ ಒಂದೇ ಹೆಸರು. ಯಾರ ಮನೆಗೆ ಹೋದರೂ ಮುಂಬಾಗಿಲನ್ನು ತಲೆಬಾಗಿಲೆಂದೇ ಕರೆಯುವುದಿಲ್ಲವೇ, ಹಾಗೆ.

ಈ ಕಡತಗಳನ್ನು ತಿದ್ದಲು ನಾವು ಬಳಸಿದ್ದು ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಪಠ್ಯ ಸಂಪಾದಕ. ತೆರೆದ ಕಡತಕ್ಕೊಂದರಂತೆ ಅದರ ನೆತ್ತಿಯ ಮೇಲೆ ಒಂದೊಂದು ಟ್ಯಾಬು, ಕಚೇರಿಯ ಫೈಲಿನಿಂದ ಹೊರಗೆ ಇಣುಕುವ ಚೀಟಿಯ ಹಾಗೆ. ಒಂದೇ ಹೆಸರಿನ ಎರಡು ಕಡತಗಳನ್ನು ತೆರೆದರೆ, ಹೆಸರಿನ ಪಕ್ಕದಲ್ಲಿ ಮಂಕು ಅಕ್ಷರದಿಂದ ಫೋಲ್ಡರನ್ನೂ ಸೂಚಿಸುತ್ತದೆ. ಯಂತ್ರ ತನ್ನ ಕರ್ತವ್ಯವನ್ನು ಮಾಡಿತ್ತೆಂದು ಒಪ್ಪಲೇಬೇಕು. ಆದರೆ ಎಲ್ಲ ಟ್ಯಾಬುಗಳೂ ಒಂದೇ ನೋಟಕ್ಕೆ ಕಾಣಲೆಂದು, ಜಾಗ ಸಾಲದಿದ್ದರೆ ಕುಗ್ಗಬೇಕೆಂದು ನಾನೇ ಅಪ್ಪಣೆ ಮಾಡಿಟ್ಟಿದ್ದೆ. ಅವು ವಿಧೇಯವಾಗಿ ಕುಗ್ಗಿದವು. ಊರಿನ ಹೆಸರು ಬಾಲದಲ್ಲಿದ್ದುದರಿಂದ ಅದೇ ಮೊದಲು ಕತ್ತರಿಸಿಹೋಯಿತು. ಕಣ್ಣಿಗೆ ಉಳಿದದ್ದು ಇಂಡೆಕ್ಸ್, ಇಂಡೆಕ್ಸ್, ಇಂಡೆಕ್ಸ್ ಮಾತ್ರ. ಆರು ಮಂದಿ ಮಂಜುನಾಥರು ಸಾಲಾಗಿ ನಿಂತಂತಾಯಿತು.

ಒಂದು ಸಂಜೆ ಲ್ಯಾಬು ಮುಚ್ಚುವ ಹೊತ್ತು. ಅಟೆಂಡರು ಬೀಗದ ಕೈ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತಿದ್ದರು. ಅರಕಲಗೂಡಿನ ಪುಟಕ್ಕೆ ತಿದ್ದಿದ ಪಾಠ ಬಂದಿತ್ತು. ಹಳೆಯದನ್ನು ಪೂರ್ತಿ ಅಳಿಸಿದೆ, ಹೊಸದನ್ನು ಅಂಟಿಸಿದೆ, ಉಳಿಸಿದೆ, ಪೆನ್‌ಡ್ರೈವು ಕಿತ್ತುಕೊಂಡು ಬಸ್ಸಿಗೆ ಓಡಿದೆ. ನಾನು ಅಳಿಸಿದ್ದು ಅರಕಲಗೂಡನ್ನಲ್ಲ, ನಮ್ಮ ಊರನ್ನು ಎಂದು ತಿಳಿದದ್ದು ಎರಡು ದಿನ ಬಿಟ್ಟು. ಆ ಸಂಪಾದಕ ಹಿಂದಿನ ಪಾಠಗಳನ್ನು ಕಾದಿಟ್ಟಿರುತ್ತದೆ, ನಿಜ. ಆದರೆ ಕಾದಿಡುವುದು ಆ ಕಂಪ್ಯೂಟರಿನಲ್ಲಿ, ನನ್ನ ಪೆನ್‌ಡ್ರೈವಿನಲ್ಲಲ್ಲ. ನಮ್ಮ ಲ್ಯಾಬಿನ ಯಂತ್ರಗಳೋ, ಆರಿಸಿ ಮತ್ತೆ ಹಚ್ಚಿದರೆ ಹಿಂದಿನದನ್ನೆಲ್ಲ ಮರೆಯುವಂತೆ ಏರ್ಪಾಡಾದವು. ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಬುದ್ಧಿ ನನಗೆ ಇರಲಿಲ್ಲ. ಫೋನಿನಲ್ಲಿದ್ದ ಅಜ್ಜಿಯ ಧ್ವನಿಯನ್ನು, ಬರೆದು ಮುಗಿಯಿತಲ್ಲ ಎಂದು, ಜಾಗಕ್ಕಾಗಿ ಅಳಿಸಿಬಿಟ್ಟಿದ್ದೆ.

ಅಜ್ಜಿಯ ಮುಂದೆ ಹೋಗಿ ಕುಳಿತೆ. ಹನ್ನೊಂದು ನುಡಿಯ ಹಾಡು ಅದು. ಅಜ್ಜಿ ಕಣ್ಣು ಮುಚ್ಚಿ, ಬೀಸುವ ಕಲ್ಲಿನ ಗೂಟ ಹಿಡಿದವಳಂತೆ ಬರಿಗೈಯನ್ನು ತಿರುಗಿಸುತ್ತ ಏಳು ನುಡಿ ಹೇಳಿದಳು. ಅಲ್ಲಿಗೆ ಕೈ ನಿಂತಿತು.

"ಮುಂದೆ ಏನೋ ಐತೆ ಮಗಾ, ಬಾಯಿಗೆ ಬರ್ತಾ ಇಲ್ಲ ಕಣಪ್ಪ. ಅವತ್ತು ಹೇಳಿದ್ನಲ್ಲ, ನೀನು ಬರ್ಕೊಂಡ್ಯಲ್ಲ, ಅದನ್ನೇ ನೋಡ್ಕೋ" ಎಂದಳು.

ನಾನು "ಹೂಂ ಅಜ್ಜಿ" ಎಂದೆ. ಬೇರೆ ಏನು ಹೇಳಲಿ?

ನನ್ನ ಸಪ್ಪೆ ಮುಖ ಕಂಡು ಬಿ.ಸಿ.ಎ. ಓದುವ ನನ್ನ ತಂಗಿ ವಿಚಾರಿಸಿದಳು. ಎಲ್ಲ ಕೇಳಿ, "ಅಲ್ಲಣ್ಣಾ, ಚೀಟಿಯ ಮೇಲೆ ಊರಿನ ಹೆಸರನ್ನೇ ಬರೆಸಬಾರದಾಗಿತ್ತಾ?" ಎಂದಳು. ಚೀಟಿಯನ್ನು ನಮ್ಮ ಇಷ್ಟದಂತೆ ಬರೆಸಬಹುದೆಂಬುದೇ ನನಗೆ ಗೊತ್ತಿರಲಿಲ್ಲ. ಈ ಸಂಪಾದಕದಲ್ಲಿ 2024ರಲ್ಲಿ ಬಂದ ಸೌಲಭ್ಯವಂತೆ. 'ಕಸ್ಟಮ್ ಲೇಬಲ್ಸ್' ಎಂದು ಹೆಸರು. ಸೆಟ್ಟಿಂಗುಗಳಲ್ಲಿ ಅದನ್ನು ಹುಡುಕಿ, ಎಡಗಡೆ ಯಾವ ಕಡತ ಎಂದೂ ಬಲಗಡೆ ಅದರ ಚೀಟಿಯಲ್ಲಿ ಏನಿರಬೇಕು ಎಂದೂ ಬರೆಯಬೇಕು. "ಎಲ್ಲಿಯೇ ಇರಲಿ, ಇಂಡೆಕ್ಸ್ ಕಡತ ಕಂಡರೆ ಅದಿರುವ ಫೋಲ್ಡರಿನ ಹೆಸರನ್ನು ಬರೆ" ಎಂಬರ್ಥದ ಒಂದು ಸಾಲು ಸಾಕು. ಬೇಕಾದರೆ ಇನ್ನೂ ಮೇಲಿನ ಫೋಲ್ಡರಿನ ಹೆಸರನ್ನೂ ಸೇರಿಸಬಹುದು. ಅಷ್ಟು ಮಾಡಿದ್ದೇ ತಡ, ಆರು ಟ್ಯಾಬುಗಳೂ ಬೇಲೂರು, ಅರಕಲಗೂಡು, ಕೊಣನೂರು ಎಂದು ಮಾತನಾಡತೊಡಗಿದವು. ಕಡತದ ನಿಜವಾದ ಹೆಸರಿಗೆ ಮಾತ್ರ ಯಾವ ಭಂಗವೂ ಇಲ್ಲ. ಸರ್ವರು ಕೇಳಿದರೆ ಇಂಡೆಕ್ಸ್, ನನ್ನ ಕಣ್ಣಿಗೆ ಅರಕಲಗೂಡು. ಹಾಜರಿ ಪುಸ್ತಕದಲ್ಲಿ ಮಂಜುನಾಥ, ಮನೆಯಲ್ಲಿ ಪುಟ್ಟ.

ಈ ಕಷ್ಟ ನನ್ನೊಬ್ಬನದಲ್ಲವೆಂದು ಆಮೇಲೆ ತಿಳಿಯಿತು. ಈಮ್ಯಾಕ್ಸ್ ಎಂಬ ಹಳೆಯ ಸಂಪಾದಕ, ಒಂದೇ ಹೆಸರಿನ ಎರಡನೆಯ ಕಡತ ತೆರೆದರೆ ಹೆಸರಿನ ಮುಂದೆ 2 ಎಂದು ಅಂಕೆ ಹಾಕುತ್ತಿತ್ತು, ಥೇಟು ನಮ್ಮ ಗುರುಗಳ ಹಾಗೆ. 2014ರಲ್ಲಿ ಬಂದ 24.4ನೆಯ ಆವೃತ್ತಿಯಿಂದ ಅಂಕೆಗೆ ಬದಲು ಫೋಲ್ಡರಿನ ಹೆಸರನ್ನು ತಾನಾಗಿಯೇ ಬರೆಯುತ್ತದೆ. ವಿಮ್ ಎಂಬ ಇನ್ನೊಂದು ಸಂಪಾದಕಕ್ಕೆ 2006ರಲ್ಲಿ ಟ್ಯಾಬುಗಳು ಬಂದಾಗಲೇ ಅವುಗಳ ಚೀಟಿಯನ್ನು ಬೇಕಾದಂತೆ ಬರೆಸುವ ದಾರಿಯೂ ಬಂತು. ಲೋಕದ ಜಾಣರೆಲ್ಲ ಅಂಕೆ ಬಿಟ್ಟು ಊರು ಹಿಡಿದ ಮೇಲೆ ನನಗೆ ಬುದ್ಧಿ ಬಂದದ್ದು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ಲ್ಯಾಬಿನಲ್ಲಿ ಕುಳಿತಿದ್ದ ಗೆಳೆಯನಿಗೆ ಫೋನು ಮಾಡಿ, "ಕೊಣನೂರು ಟ್ಯಾಬಿನಲ್ಲಿ ಮೂರನೆಯ ಸಾಲು ತಿದ್ದು ಮಾರಾಯ" ಎಂದೆ. "ಕೊಣನೂರು ಎಲ್ಲಿದೆಯೋ? ಇಲ್ಲಿರುವುದೆಲ್ಲ ಇಂಡೆಕ್ಸೇ" ಎಂದ. ಚೀಟಿ ಬರೆಸಿದ್ದು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ. ಅವನ ಯಂತ್ರಕ್ಕೆ ಅದು ಹೇಗೆ ತಿಳಿಯಬೇಕು!

ಆಗ ನನಗೆ ಅಜ್ಜಿಯ ಡಬ್ಬಗಳು ನೆನಪಾದವು. ನಮ್ಮ ಅಡಿಗೆ ಮನೆಯ ಹಲಗೆಯ ಮೇಲೆ ಒಂದೇ ಅಚ್ಚಿನ ಆರು ಸ್ಟೀಲು ಡಬ್ಬಗಳಿವೆ. ಅಜ್ಜಿಗೆ ಓದು ಬಾರದು. ಕುಂಕುಮದ ಬೊಟ್ಟಿಟ್ಟದ್ದು ಅಕ್ಕಿಹಿಟ್ಟು, ಕರಿದಾರ ಕಟ್ಟಿದ್ದು ಮೈದಾ, ಮುಚ್ಚಳ ನೆಗ್ಗಿದ್ದು ಉದ್ದಿನಬೇಳೆ. ಕತ್ತಲೆಯಲ್ಲೂ ಅಜ್ಜಿಯ ಕೈ ತಪ್ಪುವುದಿಲ್ಲ. ಆದರೆ ಅಜ್ಜಿ ಅತ್ತೆಯ ಮನೆಗೆ ಹೋಗಿದ್ದಾಗ ಒಂದು ದಿನ ಅಮ್ಮ ಅಕ್ಕಿರೊಟ್ಟಿಗೆಂದು ಮೈದಾ ಕಲಸಿ, ತಟ್ಟಲು ಹೋಗಿ ಎರಡೂ ಕೈಗೆ ಮೆತ್ತಿಕೊಂಡು ನಿಂತಿದ್ದಳು. ಚೀಟಿ ನನಗೊಬ್ಬನಿಗೆ ತಿಳಿದರೆ ಅದು ಅರ್ಧ ಚೀಟಿ.

ತಂಗಿ ಇದಕ್ಕೂ ಉಪಾಯ ಹೇಳಿದಳು. ಆ ಸೆಟ್ಟಿಂಗನ್ನು ಯಂತ್ರಕ್ಕೆ ಹೇಳುವ ಬದಲು, ಕೆಲಸದ ಫೋಲ್ಡರಿನೊಳಗೇ ಉಳಿಸಬಹುದು. ಆಗ ಫೋಲ್ಡರು ಹೋದಲ್ಲಿಗೆ ಚೀಟಿಯೂ ಹೋಗುತ್ತದೆ. ಹಾಗೆಯೇ ಮಾಡಿದೆವು. ಈಗ ಮರೆಗುಳಿ ಯಂತ್ರದಲ್ಲಿ ಕೂಡ ಪೆನ್‌ಡ್ರೈವು ಚುಚ್ಚಿ ಆ ಫೋಲ್ಡರನ್ನು ತೆರೆದರೆ ಆರು ಊರುಗಳೂ ತಮ್ಮ ಹೆಸರು ಹೇಳಿಕೊಂಡು ನಿಲ್ಲುತ್ತವೆ. ರಜೆಯಲ್ಲಿ ಅಮ್ಮ ಅಜ್ಜಿಯನ್ನು ಕೇಳಿ ಕೇಳಿ ಡಬ್ಬಗಳಿಗೂ ಕಾಗದ ಅಂಟಿಸಿದಳು. ಬೊಟ್ಟು, ದಾರಗಳನ್ನು ತೆಗೆಯಲಿಲ್ಲ.

ನಮ್ಮ ಊರಿನ ಟ್ಯಾಬನ್ನು ಈಗಲೂ ಆಗಾಗ ತೆರೆಯುತ್ತೇನೆ. ಏಳು ನುಡಿಗಳ ಕೆಳಗೆ ನಾಲ್ಕು ನುಡಿಗಳ ಜಾಗವನ್ನು ಖಾಲಿ ಬಿಟ್ಟಿದ್ದೆ. ಹೋದ ದೀಪಾವಳಿಯಲ್ಲಿ ಅಜ್ಜಿ ಒಬ್ಬಟ್ಟಿನ ಹೂರಣ ರುಬ್ಬಲು ಕುಳಿತವಳು ಇದ್ದಕ್ಕಿದ್ದಂತೆ, "ಬಾರೋ ಮಗಾ, ಬಂತು" ಎಂದು ಕೂಗಿದಳು. ಎಂಟನೆಯದು ಸಿಕ್ಕಿತು. ಇನ್ನು ಮೂರು ಬಾಕಿ.

ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ಅಳಿಸುವ ಮೊದಲು ಚೀಟಿಯಲ್ಲಿ ಊರಿನ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಒಂದು ಸಾಲು ಬರೆದು ಬರೆಸಿಕೊಳ್ಳಿ. ಹಾಡಿನ ಇನ್ನೊಂದು ಪ್ರತಿಯನ್ನೂ ಮನೆಯಲ್ಲಿಡಿ.