ಎಂಟನೆಯ ತಂತಿ

ಆರು ತಂತಿಗಳ ಗಿಟಾರೊಂದು ಮನೆಯಲ್ಲಿರುವಾಗ ಎಂಟು ತಂತಿಗಳ ಇನ್ನೊಂದೇಕೆ? ಹರಿಯಬ್ಬೆಯಂಥ ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದ ತಂದೆಯೊಬ್ಬನು ‘ಹೆವಿ ಮೆಟಲ್’ ಸಂಗೀತದ ಹುಚ್ಚು ಹಿಡಿದ ಮಗನನ್ನು ಹೀಗೆ ಕೇಳಿದರೆ ಅದು ಜಿಪುಣತನವಲ್ಲ. ಹಾಗೆಂದು ಮಗನ ಬೇಡಿಕೆ ಬರಿಯ ಶೋಕಿಯೂ ಅಲ್ಲ.

ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಏಳನೆಯ ತಂತಿ ಸೇರಿದರೆ 62ಕ್ಕೆ, ಎಂಟನೆಯದೂ ಸೇರಿದರೆ 46ಕ್ಕೆ ಇಳಿಯಬಹುದು. ಮೇಲಿನ ಸ್ವರಗಳನ್ನು ಕಳೆದುಕೊಳ್ಳದೆ ಮಂದ್ರದ ಆಳ ಮುಟ್ಟುವ ಉಪಾಯವಿದು. ಆದರೆ ಇದ್ದ ತಂತಿಯನ್ನೇ ಸಡಿಲಿಸಿದರೆ ಅದು ಜೋತುಬಿದ್ದು, ಬಲವಾಗಿ ಮೀಟಿದೊಡನೆ ಶ್ರುತಿ ಅಲುಗುತ್ತದೆ; ದಪ್ಪವನ್ನಷ್ಟೇ ಹೆಚ್ಚಿಸುತ್ತ ಹೋದರೆ ನಾದ ಮಬ್ಬಾಗುತ್ತದೆ. ಅದಕ್ಕಾಗಿ ತಂತಿಯ ಉದ್ದವನ್ನೇ ಬೆಳೆಸುತ್ತಾರೆ. ಸಾಮಾನ್ಯವಾಗಿ 25.5 ಅಂಗುಲವಿರುವ ಅಳತೆ ಎಂಟು ತಂತಿಯ ವಾದ್ಯದಲ್ಲಿ 27 ಅಂಗುಲ ಅಥವಾ ಅದಕ್ಕೂ ಹೆಚ್ಚು. ಹಿರಿಯೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡುಗೊಲ್ಲರು ಜುಂಜಪ್ಪನ ಕಥೆ ಹಾಡುವಾಗ ಊದುವ ಗಣೆ ಎಂಬುದು ನೀಳವಾದ ಬಿದಿರ ಕೊಳಲು. ಅದರ ದನಿಯ ಗಾಂಭೀರ್ಯ ಆ ನೀಳದಿಂದಲೇ ಬಂದದ್ದು.

ಎಣಿಕೆಯ ಮಾತಾದರೆ ವೀಣೆಗೂ ಏಳು ತಂತಿಗಳುಂಟು: ಸ್ವರಕ್ಕೆ ನಾಲ್ಕು, ತಾಳಕ್ಕೆ ಮೂರು. ಗಿಟಾರಿನಲ್ಲಿ ಮಾತ್ರ ಎಲ್ಲವೂ ಸ್ವರಕ್ಕೇ. 1990ರಲ್ಲಿ ಜಪಾನಿನ ಐಬನೇಜ್ ಕಂಪೆನಿ ಸ್ಟೀವ್ ವೈ ಅವರಿಗಾಗಿ ರೂಪಿಸಿದ ಏಳು ತಂತಿಯ ಗಿಟಾರನ್ನು ಮಾರಾಟಕ್ಕಿಟ್ಟಿತು. ಸ್ವೀಡನ್ನಿನ ಮೆಶುಗಾ ತಂಡದವರಂತೂ 2002ರ ತಮ್ಮ ‘ನಥಿಂಗ್’ ಧ್ವನಿಮುದ್ರಿಕೆಯ ಗಿಟಾರಿನ ಭಾಗವನ್ನು ಎಂಟು ತಂತಿಗಳ ಮೇಲೆ ಮತ್ತೊಮ್ಮೆ ನುಡಿಸಿ, 2006ರಲ್ಲಿ ಹೊಸದಾಗಿ ಹೊರತಂದರು. ಎರಡು ತಂತಿಗಳಿಗಾಗಿ ಇಷ್ಟು ಹಟ!

ಆದರೆ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಮೂವರು ಗಿಟಾರ್ ವಾದಕರು ಹಿಡಿದದ್ದು ಆರಾರು ತಂತಿಗಳ ವಾದ್ಯಗಳನ್ನೇ. ಕೇಳಲು ಸೇರಿದ ಸಹಸ್ರಾರು ಜನರಲ್ಲಿ ತಂತಿ ಎಣಿಸಿದವರು ಯಾರು?

ಇನ್ನೊಂದು ತೊಡಕೂ ಇದೆ. ಬೇಸ್ ಗಿಟಾರಿನ ಕೊನೆಯ ತಂತಿ ಸುಮಾರು 41 ಕಂಪನಗಳದು. ಎಂಟನೆಯ ತಂತಿ ಅದರ ಹಿತ್ತಲಿಗೇ ಹೊಕ್ಕಂತೆ. ಇಬ್ಬರೂ ಒಟ್ಟಿಗೆ ಮೊರೆದರೆ ಉಳಿಯುವುದು ಗದ್ದಲ, ಒಬ್ಬರು ತಗ್ಗಬೇಕು. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಈ ನ್ಯಾಯ ಹೊಸದಲ್ಲ.

ಮಗನು ತಾರಸ್ಥಾಯಿಯ ಸ್ವರಗಳನ್ನೂ ಆಳದ ಮೊರೆತವನ್ನೂ ಒಂದೇ ಹಾಡಿನಲ್ಲಿ ನುಡಿಸಬಲ್ಲವನಾದರೆ ತಂದೆ ಕೈಚೀಲ ಬಿಚ್ಚುವುದೇ ಸರಿ. ಆಳವೊಂದೇ ಬೇಕಾದರೆ ಹಳೆಯ ಗಿಟಾರಿಗೆ ದಪ್ಪ ತಂತಿಗಳ ಜೊತೆಯೊಂದನ್ನು ಬಿಗಿದು, ತಂತಿ ಕೂರುವ ಗೀರುಗಳನ್ನು ತುಸು ಅಗಲ ಮಾಡಿಸಿ, ಶ್ರುತಿ ಇಳಿಸಿ ಕೆಲವು ತಿಂಗಳು ನೋಡಬಹುದು. ಅಷ್ಟರಲ್ಲಿ ಪಕ್ಕದ ಮನೆಯವರ ಅಭಿಪ್ರಾಯವೂ ತಿಳಿದುಬಂದಿರುತ್ತದೆ.