ಕಡಲಾಚೆಯ ಶುಶ್ರೂಷೆ

ಸಮುದ್ರವನ್ನು ದಾಟುವದು ನಮ್ಮ ಹಿರಿಯರ ಕಾಲದಲ್ಲಿ ದೋಷವೆನಿಸಿತ್ತು. ದಾಟಿ ಬಂದವನಿಗೆ ಪ್ರಾಯಶ್ಚಿತ್ತವಾಗುವ ವರೆಗೆ ಪಂಕ್ತಿಯಲ್ಲಿ ಎಡೆಯಿಲ್ಲವೆಂಬ ಕಟ್ಟು ಅನೇಕ ಮನೆತನಗಳಲ್ಲಿತ್ತು. ಇಂದು ಕೃಷ್ಣೆಯ ದಂಡೆಯ ಮೇಲಿನ ನಮ್ಮ ಯಡೂರಿನಂಥ ಚಿಕ್ಕ ಊರುಗಳಿಂದಲೂ ತರುಣರು ವಿದ್ಯೆಗಾಗಿ, ಉದ್ಯೋಗಕ್ಕಾಗಿ ವಿಮಾನವನ್ನೇರಿ ಹೋಗುತ್ತಾರೆ. ಪ್ರಾಯಶ್ಚಿತ್ತದ ಮಾತನ್ನು ಯಾರೂ ಎತ್ತುವದಿಲ್ಲ. ಆದರೆ ವಿದ್ಯೆಗೂ ಅಲ್ಲದೆ, ದ್ರವ್ಯಕ್ಕೂ ಅಲ್ಲದೆ, ಕೇವಲ ಸೇವೆಗಾಗಿ ಕಡಲನ್ನು ದಾಟುವೆನೆಂದು ಮನೆಯ ಮಗಳೊಬ್ಬಳು ಹೊರಟು ನಿಂತರೆ ಹಿರಿಯರು ಏನು ಹೇಳಬೇಕು? ಈ ಪ್ರಶ್ನೆಯು ಕೆಲವು ದಿನಗಳ ಹಿಂದೆ ನನ್ನ ಮುಂದೆ ಬಂದಿತು.

ಹೊರಟವಳು ನನ್ನ ಹಳೆಯ ವಿದ್ಯಾರ್ಥಿನಿ. ಕ್ರೈಸ್ತ ಮನೆತನದ ಹುಡುಗಿ. ನನ್ನಲ್ಲಿ ಮೂರು ವರುಷ ಸಂಸ್ಕೃತವನ್ನೋದಿ, ಮುಂದೆ ದಾದಿಯರ ಶಿಕ್ಷಣವನ್ನು ಮುಗಿಸಿದ್ದಳು. ಪೂರ್ವ ಆಫ್ರಿಕೆಯ ಕೀನ್ಯಾ ದೇಶದಲ್ಲಿ, ಮೊಂಬಾಸಾ ಪಟ್ಟಣದ ಸಮೀಪ ನಡೆಯುವ ಕ್ರೈಸ್ತ ಬಾಲಕ-ಬಾಲಕಿಯರ ಶಿಬಿರಕ್ಕೆ ಅವಳ ಸಭೆಯವರು ಮೂರು ವಾರಗಳ ಮಟ್ಟಿಗೆ ಸ್ವಯಂಸೇವಕರನ್ನು ಕಳುಹಿಸುವವರಿದ್ದರು. ತಂದೆ ಮಿತಭಾಷಿ, ಒಕ್ಕಲುತನದವನು. ನನ್ನ ಬಳಿ ಬಂದು ಕುಳಿತು, ಬಹಳ ಹೊತ್ತಿನ ಮೇಲೆ ಹೇಳಿದನು: "ಗುರುಗಳೆ, ಆ ವಿಮಾನದ ಖರ್ಚಿನಲ್ಲಿ ಇಲ್ಲಿಯ ಎಷ್ಟು ಮಕ್ಕಳ ಫೀ ತುಂಬಬಹುದು! ನಮ್ಮ ಹೊಳೆಗೆ ಮಹಾಪೂರ ಬಂದಾಗ ಇಲ್ಲಿ ಸೇವೆಗೆ ಕೊರತೆಯೆ? ಮೂರು ವಾರಗಳಲ್ಲಿ ಅವಳು ಅಲ್ಲಿ ಮಾಡುವದಾದರೂ ಏನು?"

ಪ್ರಶ್ನೆಯು ತೂಕವುಳ್ಳದ್ದು. ಅದನ್ನು ತಿರುವಿ ಹಾಕಿಯೂ ನೋಡಬೇಕು. ಏಕೆಂದರೆ ಒಂದು ಕಾಲಕ್ಕೆ ನಮ್ಮ ನಾಡೇ ಅನ್ಯರ ಪಾಲಿಗೆ ಕಡಲಾಚೆಯ ದೇಶವಾಗಿತ್ತು. ಬಾಸೆಲ್ ಮಿಶನ್ನಿನ ಮೊದಲಿನ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರವನ್ನು ಕೊಟ್ಟರು. ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ಬಂದರು; ಅವರ ಕನ್ನಡ ನಿಘಂಟು ಅಚ್ಚಾದದ್ದು ೧೮೯೪ರಲ್ಲಿ. ನಡುವೆ ನಾಲ್ವತ್ತೊಂದು ವರುಷ! ಅದೇ ೧೮೯೪ರಲ್ಲಿ ನಮಗೆ ಸಮೀಪದ ಮಿರಜಿನಲ್ಲಿ ಡಾಕ್ಟರ ವಿಲಿಯಂ ವಾನ್ಲೆಸರು ಆಸ್ಪತ್ರೆಯನ್ನು ಕಟ್ಟಿದರು. ಬೇನೆ ಬಿದ್ದವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮಿರಜಿಗೆ ಹೋದ ಕಥೆಯಿಲ್ಲದ ಮನೆ ನಮ್ಮ ಈ ಸೀಮೆಯಲ್ಲಿ ಅಪರೂಪ.

ಇವರೆಲ್ಲ ತಮ್ಮ ಮತವನ್ನು ಪ್ರಸಾರಮಾಡಲೆಂದೇ ಬಂದವರು. ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಅದರಿಂದ ವಾದಗಳೂ ಆದವು, ಮನಸ್ತಾಪಗಳೂ ಆದವು. ಆದರೆ ಬಂದ ಅನೇಕರೊಳಗೆ ಎಲ್ಲ ಮತದವರ ಬಾಯಲ್ಲಿಯೂ ಗೌರವದಿಂದ ಉಳಿದಿರುವ ಹೆಸರುಗಳು ಯಾರವು? ಹೇಳಲು ಬಂದು, ಕೇಳಲು ಕಲಿತವರವು. ಕಿಟ್ಟೆಲರು ಪಂಡಿತರಿಂದ ಹಳಗನ್ನಡವನ್ನು ಕಲಿತರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಅವರ ನಿಘಂಟಿನಲ್ಲಿರುವ ಸುಮಾರು ೭೦,೦೦೦ ಶಬ್ದಗಳೊಳಗೆ ಕವಿಗಳ ಮಾತಿರುವಂತೆ ಜನರ ಆಡುಮಾತೂ ಗಾದೆಗಳೂ ಇವೆ. ಕಿವಿಯಿಲ್ಲದವನಿಗೆ ಅಂಥ ಗ್ರಂಥವು ಸಾಧ್ಯವಾಗದು.

ಇಲ್ಲಿ ಹಳೆಯ ಮಾಸ್ತರನು ಒಂದು ವ್ಯಾಕರಣದ ಮಾತನ್ನು ಹೇಳಿದರೆ ವಾಚಕರು ಬೇಸರಪಡಬಾರದು. ರೋಗಿಗೆ ಮಾಡುವ ಉಪಚಾರವನ್ನು ನಾವು 'ಶುಶ್ರೂಷೆ' ಎನ್ನುತ್ತೇವೆ. ಆ ಶಬ್ದದ ಮೂಲದಲ್ಲಿ ಔಷಧವೂ ಇಲ್ಲ, ಪಥ್ಯವೂ ಇಲ್ಲ. 'ಶ್ರು' ಎಂದರೆ ಕೇಳು. ಅದಕ್ಕೆ ಇಚ್ಛೆಯನ್ನು ಸೂಚಿಸುವ 'ಸನ್' ಪ್ರತ್ಯಯ ಸೇರಿದಾಗ 'ಶುಶ್ರೂಷಾ', ಅಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಲಿಚ್ಛಿಸುವ ಶಿಷ್ಯನು ಅವನ ಬಳಿಯಲ್ಲಿದ್ದು ಸೇವೆ ಮಾಡುವನಾದ್ದರಿಂದ ಶಬ್ದವು ಸೇವೆಯೆಂಬ ಅರ್ಥವನ್ನು ಪಡೆಯಿತು. ಕೇಳುವ ಇಚ್ಛೆಯೇ ಸೇವೆಯ ಬೀಜವೆಂದು ನಮ್ಮ ಭಾಷೆಯೇ ಸಾರುತ್ತಿರುವದು.

ಈ ಬೀಜವಿಲ್ಲದ ಸೇವೆಯು ಹೇಗಿರುವದೆಂಬದನ್ನು ೨೦೧೯ರ ಆಗಸ್ಟ ತಿಂಗಳಲ್ಲಿ ನಾವು ಕಣ್ಣಾರೆ ಕಂಡೆವು. ಕೃಷ್ಣೆಯು ಉಕ್ಕಿ ಬಂದಳು. ಕಲ್ಲೋಳ-ಯಡೂರ ಸೇತುವೆ ಮುಳುಗಿತು. ಚಿಕ್ಕೋಡಿ ತಾಲೂಕಿನ ಎಷ್ಟೋ ಮನೆಗಳವರು ದನಕರುಗಳೊಡನೆ ಎತ್ತರದ ಊರುಗಳಿಗೆ ಬಂದು ಸೇರಿದರು. ದೂರದೂರದಿಂದ ವಾಹನಗಳು ಬಂದವು. ಕೆಲವರು ಹಳೆಯ ಅರಿವೆಗಳ ಗಂಟುಗಳನ್ನು ಇಳಿಸಿ, ನಿಂತು ಛಾಯಾಚಿತ್ರ ತೆಗೆಸಿಕೊಂಡು ಹೊರಟುಹೋದರು. ಹೊಲಿಗೆ ಬಿಚ್ಚಿದ ಆ ಅರಿವೆಗಳು ಮಳೆಯಲ್ಲಿ ನೆನೆದು ಕೊಳೆತವು. ಇನ್ನು ಕೆಲವರು ಬರಿಗೈಯಿಂದ ಬಂದು ಮೊದಲು ಕೇಳಿದರು: "ನಿಮಗೆ ಏನು ಬೇಕು?" ಒಬ್ಬ ಮುದುಕಿ ಹೇಳಿದಳು: "ನನಗ ಏನೂ ಬ್ಯಾಡಪ್ಪಾ, ನನ್ನ ಎಮ್ಮಿಗೆ ಮೇವು ತಾ." ಮರುದಿನ ಮೇವಿನ ಗಾಡಿ ಬಂದಿತು. ಮೊದಲಿನವರಿಗಿಂತ ಇವರ ಖರ್ಚು ಹೆಚ್ಚಾಗಿರಲಿಕ್ಕಿಲ್ಲ. ಆದರೆ ಆ ಮುದುಕಿ ಅಂದು ಉಂಡಳು.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಾನು ಹುಡುಗಿಯನ್ನು ಕರೆಯಿಸಿ, ಶುಶ್ರೂಷಾ ಶಬ್ದದ ವ್ಯುತ್ಪತ್ತಿಯನ್ನು ಕೇಳಿದೆನು. ಧಾತು-ಪ್ರತ್ಯಯಗಳನ್ನು ತಡೆಯದೆ ಹೇಳಿದಳು. "ಹಾಗಾದರೆ ಹೋಗಿ ಬಾ. ಆದರೆ ಮೂರು ಕರಾರುಗಳುಂಟು. ಹೋಗುವ ಮೊದಲು ಆ ನಾಡಿನ ಭಾಷೆಯ ನೂರು ಶಬ್ದಗಳನ್ನಾದರೂ ಕಲಿ. ಅಲ್ಲಿಯವರು ತೋರಿಸಿದ ಕೆಲಸವನ್ನು ಮಾಡು, ನಿನಗೆ ಮೆಚ್ಚಾದದ್ದನ್ನಲ್ಲ. ತಿರುಗಿ ಬಂದ ಮೇಲೆ ಅಷ್ಟೇ ದಿನ ಇಲ್ಲಿಯ ಮಕ್ಕಳಿಗೆ ಕೊಡು" ಎಂದೆನು. ಮೂರನೆಯದು ಅವಳ ತಂದೆಯ ಪ್ರಶ್ನೆಗೆ ನನಗೆ ತೋಚಿದ ಉತ್ತರವಾಗಿತ್ತು. ಅವನು ಒಪ್ಪಿದನು, ಖರ್ಚಿನ ವಿಷಯದಲ್ಲಿ ಮಾತ್ರ ಇಂದಿಗೂ ಪೂರ್ತಿ ಒಪ್ಪಿಲ್ಲ.

ಅಲ್ಲಿಂದ ಅವಳು ಬರೆದ ಪತ್ರ ನನ್ನಲ್ಲಿದೆ. ದಾದಿಯ ಕೆಲಸ ದೊರೆಯುವದೆಂದು ಹೋದವಳಿಗೆ ಮೊದಲಿನ ವಾರ ದೊರೆತದ್ದು ಅಡಿಗೆಮನೆಯಲ್ಲಿ ಬಟಾಟೆ ಸುಲಿಯುವ ಕೆಲಸ. ಬೆಳಗಿನ ಪ್ರಾರ್ಥನೆ, ಬೈಬಲಿನ ಪಾಠ, ಹಾಡು, ಆಟ ಇವೆಲ್ಲ ಸ್ಥಳೀಯರೇ ಚೆನ್ನಾಗಿ ನಡೆಸುತ್ತಿದ್ದರು. ಅಡಿಗೆಯ ಹೆಂಗಸರೇ ಅವಳಿಗೆ ಸ್ವಾಹಿಲಿ ಭಾಷೆಯ ಗುರುಗಳಾದರು. ಅವರಿಗೂ ಚಹಕ್ಕೆ 'ಚಾಯ್', ಅಂಗಡಿಗೆ 'ದುಕಾ', ವಾಹನಕ್ಕೆ 'ಗಾರಿ', ಊಟಕ್ಕೆ ಚಪಾತಿ! ೧೮೯೬ರಿಂದ ೧೯೦೧ರ ವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ರೈಲುದಾರಿಯನ್ನು ಹಾಕಲು ನಮ್ಮ ದೇಶದಿಂದ ಸುಮಾರು ೩೨,೦೦೦ ಕೂಲಿಕಾರರು ಹೋಗಿದ್ದರು. ವ್ಯಾಪಾರಿಗಳಂತೂ ಅದಕ್ಕೂ ಮೊದಲಿನಿಂದ ಹೋಗುತ್ತಿದ್ದರು. ಎಲ್ಲಕ್ಕಿಂತ ಅವಳನ್ನು ಬೆರಗುಗೊಳಿಸಿದ್ದು, ಅಲ್ಲಿಯ ಚಿಕ್ಕವರು ಹಿರಿಯರಿಗೆ ಹೇಳುವ 'ಶಿಕಾಮೂ' ಎಂಬ ವಂದನೆ. ನಿಮ್ಮ ಕಾಲು ಹಿಡಿಯುತ್ತೇನೆ ಎಂಬದೇ ಅದರ ಮೂಲಾರ್ಥವಂತೆ. "ಗುರುಗಳೆ, ನಮಸ್ಕಾರ ಕಲಿಸಲು ಸಮುದ್ರ ದಾಟಬೇಕಾಗಿರಲಿಲ್ಲ, ಕಲಿಯಲು ದಾಟಿದಂತಾಯಿತು" ಎಂದು ಬರೆದಿದ್ದಾಳೆ.

ಎರಡನೆಯ ವಾರದಲ್ಲಿ ಹನ್ನೆರಡು ವರುಷದ ಹುಡುಗನೊಬ್ಬನು ದಿನಾಲು ಸಂಜೆಗೆ ಹೊಟ್ಟೆನೋವೆಂದು ಊಟ ಬಿಡುತ್ತಿದ್ದನು. ಔಷಧದಿಂದ ಗುಣ ಕಾಣಲಿಲ್ಲ. ಇವಳು ಮೂರು ಸಂಜೆ ಅವನ ಬಳಿ ಸುಮ್ಮನೆ ಕುಳಿತಳು. ಮೂರನೆಯ ಸಂಜೆ ಅವನು ಬಾಯಿ ಬಿಟ್ಟನು. ಅರ್ಧ ಮಾತು ತಿಳಿಯಿತು, ಉಳಿದರ್ಧವನ್ನು ಅಡಿಗೆಯವಳು ತಿಳಿಸಿದಳು. ಊರಲ್ಲಿ ತಾಯಿಗೆ ಬೇನೆ; ತಾನಿಲ್ಲದಾಗ ನೀರು ತರುವವರಾರೆಂಬ ಚಿಂತೆ. ಶಿಬಿರದವರು ಅಂದೇ ತಾಯಿಯೊಡನೆ ಅವನನ್ನು ದೂರವಾಣಿಯಲ್ಲಿ ಮಾತಾಡಿಸಿದರು. ನೆರೆಯವಳು ನೀರು ತರುತ್ತಿದ್ದಳೆಂದು ತಿಳಿದು ಹುಡುಗನು ಉಂಡನು. "ನಾನು ಏನೂ ಕೊಡಲಿಲ್ಲ, ಕೇಳಿದೆ ಅಷ್ಟೆ" ಎಂದು ಪತ್ರದ ಕೊನೆಯ ಸಾಲು.

ಮೂರು ವಾರಗಳಲ್ಲಿ ಯಾರೂ ಕಿಟ್ಟೆಲರಾಗುವದಿಲ್ಲ, ವಾನ್ಲೆಸರೂ ಆಗುವದಿಲ್ಲ. ಆ ಅಳತೆಯನ್ನು ಮಕ್ಕಳ ಮುಂದಿಟ್ಟು ಅಂಜಿಸುವದು ಬೇಡ. ಮೂರು ವಾರಗಳನ್ನೇ ದೊಡ್ಡ ಉಪಕಾರವೆಂದು ಹೊಗಳಿ ಕೆಡಿಸುವದೂ ಬೇಡ. ಮಗನೋ ಮಗಳೋ ಸೇವೆಗೆಂದು ಹೊರಟಾಗ, ಯಾವ ಮತದ ಮನೆಯವರೇ ಆಗಲಿ, ಎಷ್ಟು ದೂರ, ಎಷ್ಟು ದಿನ ಎಂದು ಕೇಳುವ ಮೊದಲು ಒಂದನ್ನು ಪರೀಕ್ಷಿಸಿರಿ: ಅವರಿಗೆ ಮನೆಯಲ್ಲಿ ಅಜ್ಜಿಯ ಮಾತನ್ನು ಕೊನೆಯ ವರೆಗೆ ಕೇಳುವ ರೂಢಿಯಿದೆಯೆ? ಇದ್ದರೆ ನಿಶ್ಚಿಂತೆಯಿಂದ ಕಳುಹಿಸಿರಿ. ಇಲ್ಲದಿದ್ದರೆ ಆ ಶಿಕ್ಷಣವು ಮನೆಯಿಂದಲೇ ಆರಂಭವಾಗಲಿ. ಅದಕ್ಕೆ ವಿಮಾನದ ಖರ್ಚೂ ಬೇಕಾಗುವದಿಲ್ಲ.