ತಳ್ಳಿದರೆ ಹೊರಡುವ ಗಾಡಿ

ಹಳೆಯ ಕಾರನ್ನಿಟ್ಟುಕೊಂಡವನಿಗೆ ಸ್ನೇಹಿತರ ಕೊರತೆಯೆಂಬುದಿಲ್ಲ. ಆ ಸ್ನೇಹಿತರೆಲ್ಲರೂ ಹಿಂದಿನಿಂದ ತಳ್ಳುವವರು ಎಂಬುದೊಂದೇ ವ್ಯತ್ಯಾಸ.

ನಮ್ಮದು 1968ರ ಅಂಬಾಸಡರ್. ತಂದೆಯವರು 1975ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ಬಂಗಾಳದ ಉತ್ತರಪಾಡದ ಕಾರ್ಖಾನೆ 2014ರಲ್ಲಿ ಈ ಕಾರಿನ ತಯಾರಿಕೆಯನ್ನೇ ನಿಲ್ಲಿಸಿತು. ಆದರೆ ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ಅದು ಹಿರಿಯ ಸೊಸೆಯಂತೆ ತನ್ನ ಅಧಿಕಾರವನ್ನು ಬಿಟ್ಟುಕೊಡಲಿಲ್ಲ.

ಕೆಲವು ತಿಂಗಳುಗಳಿಂದ ಅದಕ್ಕೊಂದು ಖಾಯಿಲೆ. ಸೆಲ್ಫ್ ಒತ್ತಿದರೆ ‘ಟಕ್’ ಎಂದು ಸುಮ್ಮನಾಗುವುದು. ತಳ್ಳಿದರೆ ಮಾತ್ರ ಸುಖವಾಗಿ ಹೊರಡುವುದು. ಬ್ಯಾಟರಿಗೆ ವಯಸ್ಸಾಯಿತೆಂದು ತೀರ್ಮಾನಿಸಿ ಹೊಸದನ್ನು ತಂದು ಹಾಕಿದೆ. ಖಾಯಿಲೆ ಹಾಗೆಯೇ ಉಳಿಯಿತು. ಹಣ ಮಾತ್ರ ಹೊರಟುಹೋಯಿತು. ಕೊನೆಗೆ ಮಾರಿಬಿಡುವುದೆಂದು ನಿಶ್ಚಯಿಸಿ, ಮಲ್ಲೇಶ್ವರದ ಒಬ್ಬರಿಗೆ ತೋರಿಸಲು ಒಂದು ಭಾನುವಾರ ಹೊರಟೆ.

ತಂದೆಯವರೂ ಜೊತೆಗೆ ಬಂದರು. ಅವರಿಗೆ 86 ವರ್ಷ. ತಾಯಿ ತೀರಿಕೊಂಡ ಮೇಲೆ ಅವರು ಮಾತನ್ನೇ ಬಿಟ್ಟಂತಿದ್ದರು. ಕೇಳಿದ್ದಕ್ಕೆ ‘ಹೂಂ’, ‘ಉಹೂಂ’, ಅಷ್ಟೆ. ಕಿವಿ ಮಂದವಾಯಿತೆಂದು ನಾನು, ನೆನಪು ಮಾಸಿತೆಂದು ನನ್ನ ಶ್ರೀಮತಿ, ಹೀಗೆ ನಾವು ನಾವೇ ರೋಗನಿರ್ಣಯ ಮಾಡಿಕೊಂಡಿದ್ದೆವು. ಕಾರನ್ನು ಮಾರುತ್ತೇನೆಂದಾಗಲೂ ಅವರು ‘ಹೂಂ’ ಎಂದಷ್ಟೇ ಅಂದಿದ್ದರು.

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದ ಬಳಿ ಸಿಗ್ನಲ್ಲಿಗೆ ನಿಂತಾಗ ಎಂಜಿನ್ ಆರಿತು. ಧರ್ಮಾಂಬುಧಿ ಕೆರೆಯಿದ್ದ ಆ ಜಾಗದಲ್ಲಿ ಈಗ ನೀರಿಲ್ಲದಿದ್ದರೂ ಜನಸಾಗರಕ್ಕೇನೂ ಕೊರತೆಯಿಲ್ಲ. ಹಿಂದೆ ನಿಂತ ಬಸ್ಸು, ಆಟೋಗಳೆಲ್ಲ ಒಕ್ಕೊರಲಿನಿಂದ ಹಾರನ್ ಹೊಡೆಯತೊಡಗಿದುವು. ಯಾರೋ ಪುಣ್ಯಾತ್ಮರು ಕಾರನ್ನು ಬದಿಗೆ ತಳ್ಳಿಕೊಟ್ಟರು. ನಾನು ಬೆವರುತ್ತ ಮತ್ತೆ ಮತ್ತೆ ಸೆಲ್ಫ್ ಒತ್ತುತ್ತಿದ್ದೆ.

“ನಿಲ್ಲಿಸೋ! ಮೊದಲು ದೀಪ ಹಾಕು!”

ಪಕ್ಕದಲ್ಲಿ ಕುಳಿತ ತಂದೆಯವರ ದನಿ! ಬೆಚ್ಚಿ, ಮುಂದಿನ ದೀಪಗಳನ್ನು ಹಾಕಿದೆ.

“ಈಗ ಸೆಲ್ಫ್ ಒತ್ತು. ದೀಪ ಮಂಕಾಯಿತೇ?”

ಎದುರಿನ ಗೋಡೆಯ ಮೇಲೆ ಬೆಳಕು ಸ್ವಲ್ಪವೂ ಕುಗ್ಗಲಿಲ್ಲ.

“ಹಾಗಾದರೆ ಬ್ಯಾಟರಿಯ ತಪ್ಪಲ್ಲ. ಅದರಲ್ಲಿ ಶಕ್ತಿಯಿದೆ, ಸೆಲ್ಫಿನ ಮೋಟಾರಿಗೆ ದಾರಿಯಿಲ್ಲ” ಎಂದವರೇ ಕೈ ಚಾಚಿ ಚೋಕಿನ ಗುಂಡಿಯನ್ನು ಮುಟ್ಟಿದರು. “ನೋಡು, ಬಿಸಿಯಾಗಿದೆ. ಎಂಜಿನ್ನಿನ ಅರ್ತ್ ಹೋಗಿದೆ.”

ವಿಷಯ ಇಷ್ಟೆ. ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು, ಹಿಂದಿರುಗಿಯೂ ಬರಬೇಕು. ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ, ಅದರಿಂದ ಕಾರಿನ ಮೈಗೆ ಹೆಣೆದ ತಂತಿಯ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದು ಸವೆದರೆ, ಮರಳುವ ವಿದ್ಯುತ್ತು ಚೋಕಿನ ತೆಳು ತಂತಿಯನ್ನು ಹಿಡಿದು ನುಸುಳಲು ನೋಡುತ್ತದೆ, ತಂತಿ ಕಾಯುತ್ತದೆ. ಹಟ ಹಿಡಿದು ಒತ್ತುತ್ತಿದ್ದರೆ ಅದು ಸುಟ್ಟೂ ಹೋಗಬಹುದು. 12 ವೋಲ್ಟಿನ ಮುಂದೀಪಕ್ಕೆ ನಾಲ್ಕೈದು ಆಂಪಿಯರ್ ಸಾಕು; ಸೆಲ್ಫಿಗಾದರೋ ನೂರಕ್ಕೂ ಮೀರಿ ಬೇಕು. ತಳ್ಳಿದಾಗ ಸೆಲ್ಫಿನ ಹಂಗಿಲ್ಲ; ಕಿಡಿ ಹಾರಲು ಬೇಕಾದ ಅಲ್ಪ ವಿದ್ಯುತ್ತು ಹೇಗೋ ದಾರಿ ಮಾಡಿಕೊಳ್ಳುತ್ತದೆ. ಆದುದರಿಂದಲೇ ಗಾಡಿ ಹೊರಡುತ್ತಿದ್ದುದು. 1912ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಕೆಟರಿಂಗ್ ಎಂಬವನ ಸೆಲ್ಫ್ ಬರುವ ಮೊದಲು ಜನ ಹ್ಯಾಂಡಲ್ ತಿರುಗಿಸಿಯೇ ತಾನೆ ಹೊರಡುತ್ತಿದ್ದುದು!

ಬಾನೆಟ್ಟು ತೆರೆದು ಬಗ್ಗಿ ನೋಡಿದೆ. ಪಟ್ಟಿಯ ಎಳೆಗಳು ಬಹುಪಾಲು ಹರಿದಿದ್ದುವು. ಉಳಿದವು ಜಿಡ್ಡಿನಲ್ಲಿ ಮುಳುಗಿದ್ದುವು. ಇದು ಕಾರಿನ ದೋಷವಲ್ಲ, ನೋಡಿಕೊಳ್ಳದ ನನ್ನ ದೋಷ. ಬ್ಯಾಟರಿ ಕೈಕೊಟ್ಟಾಗಲೆಂದು ಡಿಕ್ಕಿಯಲ್ಲಿಟ್ಟಿದ್ದ ದಪ್ಪ ಕೇಬಲ್ಲನ್ನು ತೆಗೆಸಿ, ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಬಣ್ಣವಿಲ್ಲದ ಬೋಲ್ಟಿಗೂ ಕಚ್ಚಿಸಲು ತಂದೆಯವರು ಹೇಳಿದರು. ಸೆಲ್ಫ್ ಒತ್ತಿದೆ. ಎಂಜಿನ್ ಒಂದೇ ಉಸಿರಿಗೆ ಎದ್ದಿತು. ನೋಡುತ್ತಿದ್ದ ಆಟೋ ಚಾಲಕ, “ಯಜಮಾನ್ರೇ, ನಿಮ್ಮದು ಗ್ಯಾರೇಜಾ?” ಎಂದ. ತಂದೆಯವರು ನಕ್ಕರು. ಅವರ ನಗುವನ್ನು ಕಂಡು ಎಷ್ಟು ದಿನಗಳಾಗಿದ್ದುವು!

“ಇದೇ ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಹೀಗೇ ಆಗಿತ್ತು,” ಎಂದರು. “ಎರಡನೇ ಆಟ ಸಿನಿಮಾ ಮುಗಿಸಿ ಬಂದಿದ್ದೆವು. ನಿನ್ನಮ್ಮ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ತಳ್ಳಿದಳು.” ಮುಂದೆ ದಾರಿಯುದ್ದಕ್ಕೂ ಅಮ್ಮನ ಮಾತೇ. ನಾನು ಒಮ್ಮೆಯೂ ಅಮ್ಮನ ವಿಷಯವನ್ನು ಅವರೆದುರು ಎತ್ತಿರಲಿಲ್ಲ. ನೋಯುತ್ತಾರೆಂದು ಸುಮ್ಮನಿದ್ದೆ. ಅವರೂ ನಾನು ನೋಯುತ್ತೇನೆಂದು ಸುಮ್ಮನಿದ್ದರೇನೋ!

ಮಲ್ಲೇಶ್ವರಕ್ಕೆ ಹೋದೆವು, ಕಾರನ್ನು ತೋರಿಸಲಿಲ್ಲ. ತಿಂಡಿ ತಿಂದು, ಕಾಫಿ ಕುಡಿದು ಹಿಂದಿರುಗಿದೆವು. ಮರುದಿನ ಜೆ. ಸಿ. ರಸ್ತೆಯಿಂದ ಹೊಸ ಪಟ್ಟಿ ತಂದು, ಎರಡೂ ತುದಿಗಳ ಜಾಗವನ್ನು ಎಮರಿ ಕಾಗದದಿಂದ ಬೆಳ್ಳಗೆ ಉಜ್ಜಿ ಬಿಗಿದೆ. ಬ್ಯಾಟರಿಗೆ ಸುರಿದ ಹಣದ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಈಗ ಪ್ರತಿ ಭಾನುವಾರವೂ ಬಾನೆಟ್ಟು ತೆರೆಯುವವನು ನಾನು, ಗದರುವವರು ತಂದೆಯವರು. “ಇಬ್ಬರ ಗಲಾಟೆ ಬೀದಿಗೆಲ್ಲ ಕೇಳಿಸುತ್ತದೆ” ಎಂದು ಶ್ರೀಮತಿಯ ದೂರು. ಕೇಳಿಸಲಿ.